ಆಚಾರಿ ಅಣ್ಣನ ಮೈಕ್ರೋಮೀಟರ್

ಇಳಿ ಮೊದ್ಲು, ಇಳಿ ಅಂದೆ ಕೆಳಗೆ. ತಮ್ಮನ್ನ ಊಂಜಲ್ ಮೇಲೆ ಕೂರಿಸಿ ತೂಗೋ ಮುಂಚೆ ಮೇಲಿನ ಕೊಕ್ಕೆ ನೋಡ್ದ್ಯಾ ಸುಮತಿ ಅಂತ ಕೇಳಿದ್ರೆ "ನೋಡ್ದೆ ತಾತ" ಅಂದೆ. ಎಲ್ಲಿ ನೋಡ್ದೆ? ಸ್ಟೂಲು ಇನ್ನೂ ಅಡುಗೆಮನೇಲೇ ಇದೆ, ನಿನ್ ಕೈ ಅಷ್ಟೆತ್ತರ ಎಟುಕುತ್ತಾ? ಅಳ್ಬೇಡ, ಬೈತಾ ಇಲ್ಲ ನನ್ ಕಣ್ಣು. ನಾನೂ ಹಿಂಗೇ ಒಂದ್ ಮಾತು ಹೇಳ್ದೋನು. ಬನ್ನಿ, ಇಬ್ರೂ ಕೂತ್ಕೊಳ್ಳಿ. ನಿಮ್ಮಮ್ಮಂಗೂ ಇದನ್ನ ಪೂರ್ತಿ ಹೇಳಿಲ್ಲ ನಾನು.

ಎಂಬತ್ತಾರೋ ಎಂಬತ್ತೇಳೋ ಇರ್ಬೇಕು. ಮನೇಲಿ ಎರಡು ತರಿ ಇದ್ವು, ತರಿ ಅಂದ್ರೆ ಮಗ್ಗ, ನೀವೆಲ್ಲಿ ನೋಡಿದ್ದೀರಿ. ಊರೆಲ್ಲಾ ಪವರ್‌ಲೂಮ್ ಬಂದು ನಮ್ ಸೀರೆ ಕೇಳೋರಿಲ್ಲ. ಒಂದ್ ಹೊತ್ತು ಕಳಿ, ಮುದ್ದೆ ಅಂತಾರಲ್ಲ ಅದು, ಇನ್ನೊಂದ್ ಹೊತ್ತು ಅದನ್ನೇ ಕರಗಿಸಿದ ನೀರು. ನಿಮ್ಮಜ್ಜಿ ಬೇರೆ ಬಸುರಿ. ಗಾಂಧಿಪುರಂ ಬಸ್‌ಸ್ಟ್ಯಾಂಡ್ ಹಿಂದಿನ ಸಂದೀಲಿ ಪಳನಿ ಆಚಾರಿ ಅಂತ, ಲೈಸೆನ್ಸ್ ಇಟ್ಕೊಂಡು ಬಂದೂಕು ರಿಪೇರಿ ಮಾಡ್ತಿದ್ರು. ತಮಿಳಿನೋರು, ಮನೆ ದಾಟಿದ್ರೆ ಅಲ್ಲೆಲ್ಲಾ ತಮಿಳೇ ಮಾತು. ಮಗ್ಗ ಬಿಟ್ಟು ಅವ್ರ ಹತ್ರ ಸೇರ್ಕೊಂಡೆ. ಮೂವತ್ತು ವರ್ಷಕ್ಕೆ ಮನೆ ಆಚೆ ಮೊದಲ್ನೇ ಕೆಲ್ಸ ನಂಗೆ, ನಗ್ಬೇಡಿ. ಅಲ್ಲಿಗೆ ಬರ್ತಿದ್ದಿದ್ದು ದೊರೆಗಳ ಕಾಲದ ಸಣ್ಣ ನಳಿಗೆ ಬೇಟೆ ರೈಫಲ್ಲುಗಳು. ಅದ್ರಲ್ಲಿ ಒಂದ್ ಪೀಕಲಾಟ, ನೋಡಿ. ಮೇಲೆ ಒಂದೇ ನಂಬರ್ ಕೊರ್ದಿರುತ್ತೆ, ಒಳಗೆ ಒಂದೊಂದರ ಅಳತೆ ಒಂದೊಂದು. ಗುಂಡು ಸಡಿಲ ಆದ್ರೆ ಎಲ್ಲೋ ಹೋಗುತ್ತೆ, ಬಿಗಿ ಆದ್ರೆ ಹಳೇ ಕಬ್ಬಿಣ ತಡಿಯಲ್ಲ. ಆಚಾರಿ ಅಣ್ಣ ಹೇಳೋರು, "ತಂಬಿ, ನಂಬರ್ ಬರೀ ಹೆಸ್ರು. ಹೆಸ್ರು ಕೇಳಿ ಯಾರಾದ್ರೂ ಹೆಣ್ಣು ಕೊಡ್ತಾರಾ?" ಮೆತ್ತನೆ ಸೀಸ ನಳಿಗೇಲಿ ದೂಡಿ, ಆಚೆ ಬಂದಿದ್ದನ್ನ ಮೈಕ್ರೋಮೀಟರ್‌ನಲ್ಲಿ ಅಳ್ದು, ಆಮೇಲೇನೇ ಗುಂಡು ಆರಿಸ್ಬೇಕು. ಇನ್ನೊಂದು ಕಟ್ಟುಪಾಡು ಇತ್ತು ಆ ಪಟ್ಟರೇಲಿ, ಆ ವರ್ಕ್‌ಶಾಪಲ್ಲಿ. ಯಾರು ಅಳ್ದ್ರೋ ಅವ್ರೇ ಮೊದಲ್ನೇ ಗುಂಡು ಹಾರಿಸ್ಬೇಕು. ಅಳ್ದೋನ ಮೈಗೆ ಅಳತೆ ಗೊತ್ತಿರ್ಲಿ ಅಂತ.

ಒಂದಿನ ಮದುಕ್ಕರೈ ಕಡೆ ಗೌಡ್ರೊಬ್ರು ಬಂದ್ರು, ನಮ್ ಹಂಗೇ ಮನೇಲಿ ಕನ್ನಡ ಮಾತಾಡೋರು. ಕಡ್ಲೆಕಾಯಿ ಹೊಲಕ್ಕೆ ಹಂದಿ ಕಾಟ, ತಾತನ ಕಾಲದ ರೈಫಲ್ಲು ತಂದಿದ್ರು. "ಸಂಜೆ ಬಸ್ಸಿಗೆ ಹೋಗ್ಬೇಕಪ್ಪಾ, ಬೇಗ ನೋಡು" ಅಂದ್ರು. ನಮ್ ಭಾಷೆ ಕೇಳಿ ನಂಗೆ ಖುಷಿ ಆಗೋಯ್ತು. ಸೀಸ ದೂಡ್ದೆ. ಅದಿಡೋ ಪೆಟ್ಟಿಗೇಲಿ ನೋಡಿದ್ರೆ ಮೈಕ್ರೋಮೀಟರ್ ಇಲ್ಲ. ಆಚಾರಿ ಅಣ್ಣ ಆಚೆ ಯಾರ ಹತ್ರಾನೋ ಮಾತಾಡ್ತಾ ಇದ್ರು. ಒಂದ್ ಮಾತು ಕೇಳ್ಬೋದಿತ್ತು, ನೋಡಿ. ಕೇಳ್ಲಿಲ್ಲ. ನೂಲು ಬೆರಳಲ್ಲಿ ಉರುಳ್ಸಿ ಎಂಬತ್ತರ ನಂಬರೋ ನೂರರ ನಂಬರೋ ಅಂತ ಕಣ್ಮುಚ್ಚಿ ಹೇಳೋ ವಂಶ ನಮ್ದು. ನಮ್ಮಪ್ಪನ ಬೆರಳು ಒಂದು ಸಲಾನೂ ತಪ್ಪಿಲ್ಲ. ಆ ಸೊಕ್ಕಲ್ಲಿ ಸೀಸಾನೂ ಗುಂಡನ್ನೂ ಬೆರಳಲ್ಲಿ ಉರುಳ್ಸಿ ನೋಡ್ದೆ, ಎರಡೂ ಒಂದೇ ಅನ್ನಿಸ್ತು. ನೂಲು ಒತ್ತಿದ್ರೆ ತಗ್ಗಿ ಬೆರಳಿಗೆ ಅಳತೆ ಹೇಳುತ್ತೆ ಕಣಮ್ಮಾ, ಸೀಸ ತಗ್ಗುತ್ತಾ? ಅದು ಹೊಳೀಲಿಲ್ಲ ಆಗ ನಂಗೆ.

ಊರಾಚೆ ಸುಣ್ಣಕಲ್ಲು ತೆಗ್ದ ಹಳೇ ಗುಂಡಿ ಹತ್ರ ಹೋದ್ವಿ, ಅಲ್ಲೇ ಹಾರ್ಸಿ ನೋಡೋದು. ಆಚಾರಿ ಅಣ್ಣ ಕೇಳಿದ್ರು, "ಅಳಂದಿಯಾ?" ಅಳ್ದ್ಯಾ ಅಂತ. "ಅಳಂದೇನ್ ಅಣ್ಣಾ" ಅಂದೆ. ಅಳ್ದೆ ಅಂತ ಹೇಳಿ ರೈಫಲ್ಲು ಕೈಗೆ ತಗೊಂಡೆ. ಆಗ ಅವ್ರು, "ಇರು ಇರು ತಂಬಿ, ನಿನ್ ಹೆಂಡ್ತಿ ತುಂಬು ಬಸುರಿ. ಬಸುರಿಯ ಗಂಡ ಬಂದೂಕು ಸಿಡಿಸ್ಬಾರ್ದು, ಮಗೂಗೆ ಆಗಿಬರಲ್ಲ. ಇಲ್ಲಿ ಕೊಡು" ಅಂತ ನನ್ ಕೈಯಿಂದ ಇಸ್ಕೊಂಡ್ರು. ಕೊಟ್ಬಿಟ್ಟೆ. ಬಾಯಿ ತುದೀಗೆ ಬಂದಿತ್ತು, ಬೇಡ ಅಣ್ಣಾ ಅಂತ. ಗೌಡ್ರು ಪಕ್ಕದಲ್ಲೇ ನಿಂತಿದ್ರು, ಮಾನ ಹೋಗುತ್ತಲ್ಲ ಅಂತ ಸುಮ್ನಾದೆ. ಒಂದೇ ಸದ್ದು. ಗುಂಡು ಬಿಗಿಯಾಗಿ ರೈಫಲ್ಲಿನ ಹಿಂದ್ಗಡೆ ಕಬ್ಬಿಣ ಒಡ್ದು ಅವ್ರ ಬಲಗಣ್ಣಿಗೆ ಹೊಡೀತು. ಅಪ್ಪಾ... ನೀರು ಕೊಡಮ್ಮ ಒಂಚೂರು.

ದೊಡ್ಡಾಸ್ಪತ್ರೇಲಿ ಕಣ್ಣಿಗೆ ಕಟ್ಟು ಕಟ್ಟಿ ಮಲಗ್ಸಿದ್ರು. ಆಚಾರಿ ಅಣ್ಣ ಮತ್ತೆ ಕೇಳಿದ್ರು, ಮೆಲ್ಲಗೆ, "ಅಳಂದಿಯಾ ತಂಬಿ?" ನಾನು ಮತ್ತೆ, ಎರಡ್ನೇ ಸಲ, "ಅಳಂದೇನ್ ಅಣ್ಣಾ" ಅಂದೆ. ಪೊಲೀಸ್ನೋರು ಬಂದಾಗ ಅವ್ರು, "ಅಳತೆ ನಂದು, ತಪ್ಪೂ ನಂದು" ಅಂದ್ರು. ಲೈಸೆನ್ಸ್ ಹೋಯ್ತು, ಪಟ್ಟರೆಗೆ ಬೀಗ ಬಿತ್ತು, ಕಣ್ಣು ಬರ್ಲೇ ಇಲ್ಲ. ಮನೆ ಮುಂದೆ ಕೂತ್ಕೊಂಡು ಕತ್ರಿ ಸಾಣೆ ಹಿಡಿಯೋರು ಆಮೇಲೆ, ಅಂಥಾ ಕೈ.

ನಿಮ್ಮಮ್ಮ ಹುಟ್ಟಿ ಹದಿನಾರನೇ ದಿನಾನೋ, ಇಲ್ಲ ಇಲ್ಲ, ತೊಟ್ಲಿಗೆ ಹಾಕಿದ ದಿನ, ಆಚಾರಿ ಅಣ್ಣ ಬಂದ್ರು. ಮಗೂನ ಒಂದೇ ಕಣ್ಣಲ್ಲಿ ತುಂಬಾ ಹೊತ್ತು ನೋಡಿದ್ರು, "ಕೈಕಾಲು ಎಲ್ಲಾ ಚೆನ್ನಾಗಿದೆಯಾ?" ಅಂತ ಕೇಳಿದ್ರು. ಆಮೇಲೆ ಜೇಬಿಂದ ಮೈಕ್ರೋಮೀಟರ್ ತೆಗ್ದು ನನ್ ಕೈಲಿಟ್ರು. "ಅವತ್ತು ಬೆಳಗ್ಗೆಯಿಂದ ಇದು ನನ್ ಶರ್ಟ್ ಜೇಬಲ್ಲೇ ಇತ್ತು ತಂಬಿ, ನಂಗೇ ಮರ್ತೋಗಿತ್ತು. ಆಸ್ಪತ್ರೇಲಿ ನರ್ಸಮ್ಮ ಬಟ್ಟೆ ಬಿಚ್ಚಿದಾಗ ತೆಗ್ದುಕೊಟ್ಲು." ನನ್ ಮುಖ ನೋಡ್ಲಿಲ್ಲ. "ಕೇಳಿದ್ರೆ ಕೊಡ್ತಿದ್ನಲ್ಲಾ ತಂಬಿ" ಅಂದ್ರು. ಅಷ್ಟೇ. ನಾನು ಎರಡ್ನೇ ಸಲ ಸುಳ್ಳು ಹೇಳ್ವಾಗ್ಲೇ ಗೊತ್ತಿತ್ತು ಅವ್ರಿಗೆ. ಕಾಲು ಹಿಡ್ಕೋಬೇಕಿತ್ತು ನಾನು. ಹಿಡೀಲಿಲ್ಲ, ಅವ್ರು ಮೆಟ್ಲು ತಡವ್ಕೊಂಡು ಇಳ್ದು ಹೋದ್ರು. ಈಗ ಅವ್ರೂ ಇಲ್ಲ.

ಹೋಗು ಸುಮತಿ, ಸ್ಟೂಲ್ ತಗೊಂಬಾ, ಕೊಕ್ಕೆ ನಾನೇ ನೋಡ್ತೀನಿ. ನೋಡಿಲ್ಲ ಅಂದ್ರೆ ನೋಡಿಲ್ಲ ಅನ್ನು ಕಣ್ಣು. ಅದಕ್ಕೆ ಯಾರ ಕಣ್ಣೂ ಹೋಗಲ್ಲ.