ಅಮ್ಮನ ಹೆಂಡತಿ

...ಅದೇ ಹೇಳ್ತಿದ್ದೀನಲ್ಲ ತಾಯಿ, ಬಾವೊಬಾಬ್ ಮರದ ಹತ್ರ ಎಡಕ್ಕೆ ತಿರುಗಿದೆ, ಬತ್ತಿದ ಹೊಳೆ ದಾಟಿದೆ, ಈಗ ನೋಡಿದ್ರೆ ಮತ್ತದೇ ಮರ! ಸ್ಯೋಮಿಟಿ ಅಮ್ಮನ ಮನೆಗೆ ದಾರಿ ಯಾವುದು? ಮಾವಿನ ತೋಪಿನವರು, ಈಚೆಗೆ ತೀರಿಕೊಂಡ್ರಲ್ಲ... ನಾನು ಅವರ ಮಗಳು, ಮುತಾನು. ಯಾಕಮ್ಮಾ ನಗೋದು? ಹುಟ್ಟಿದ ಮನೆ ದಾರಿ ಕೇಳ್ತಿದ್ದಾಳೆ ಅಂತಲಾ? ನಗು, ನಗು... ತಡಿ. ಆ ತಲೆವಸ್ತ್ರ ಸ್ವಲ್ಪ ಹಿಂದಕ್ಕೆ ಸರಿಸು. ಅಯ್ಯೋ! ಕಲುಂಡೆ! ನೀನಾ!

ಹತ್ತು, ಕಾರು ಹತ್ತು. ನೀರಿನ ಕ್ಯಾನು ಹಿಂದಿನ ಸೀಟಿಗೆ ಹಾಕು. ಚೆಲ್ಲಿದ್ರೆ ಚೆಲ್ಲಲಿ ಬಿಡು, ಬಾಡಿಗೆ ಕಾರು. ನೀನು ಕೈ ತೋರಿಸ್ತಾ ಹೋಗು, ನಾನು ಓಡಿಸ್ತೀನಿ.

ಸಾಕಾಗಿಹೋಗಿದೆ ಕಣೇ. ಲುಸಾಕಾ, ಅಕ್ರಾ, ಕಿಗಾಲಿ... ಎಲ್ಲಾ ಊರಿನ ಹೋಟೆಲ್ ದಿಂಬಿಗೂ ಒಂದೇ ವಾಸನೆ. ನನ್ನ ಕೆಲಸ ಏನು ಅಂತ ಅಮ್ಮ ಹೇಳಿದ್ಲಾ ನಿನಗೆ? 'ಬಾಯಿ ಬಾಡಿಗೆಗೆ ಕೊಡ್ತಾಳೆ' ಅಂದಿರ್ತಾಳೆ! ನಿಜಾನೇ. ಕಾನೂನು ಬದಲಾದಾಗಲೆಲ್ಲ ಕಂಪನಿಯವರನ್ನ, ಮನೆ ಮಾಲೀಕರನ್ನ ಕೂರಿಸಿಕೊಂಡು ಹೇಳೋದು. ಕೆಲಸದವರ ಕನಿಷ್ಠ ಸಂಬಳ ಏರಿತು, ಬಾಡಿಗೆಯವರನ್ನ ಹೇಳದೆ ಕೇಳದೆ ಹೊರಹಾಕೋ ಹಾಗಿಲ್ಲ, ಹೆಂಡತಿ ಒಪ್ಪದೆ ಮನೆ ಮಾರೋ ಹಾಗಿಲ್ಲ... ಅವರು ಆಕಳಿಸ್ತಾರೆ. ನಾನೂ ಆಕಳಿಸ್ತೀನಿ, ಬಾಯಿಗೆ ಕೈ ಅಡ್ಡ ಇಟ್ಕೊಂಡು.

ಬಲಕ್ಕಾ? ಸರಿ.

ಅಮ್ಮನ ಮಣ್ಣಿಗೂ ಬರಲಿಲ್ಲ ಅಂತ ಬೈಕೊಂಡಿರ್ತೀಯ. ಬೈಕೋ. ನೀನಿದ್ಯಲ್ಲ ಅನ್ನೋ ಧೈರ್ಯ ನನಗೆ. ನಿನ್ನನ್ನ ಏನಂತ ಕರೀಬೇಕೋ ಇವತ್ತಿಗೂ ತಿಳೀಲಿಲ್ಲ ನೋಡು. ಚಿಕ್ಕಮ್ಮ ಅನ್ಲಾ, ಅತ್ತಿಗೆ ಅನ್ಲಾ? ವಯಸ್ಸಲ್ಲಿ ನನಗಿಂತ ಚಿಕ್ಕವಳು! ಅಕ್ರಾದಲ್ಲಿ ಒಬ್ಬನಿಗೆ ಹೇಳಿದೆ: ನಮ್ಮ ಕಂಬಾ ಜನರಲ್ಲಿ ಗಂಡುಮಕ್ಕಳಿಲ್ಲದ ವಿಧವೆ ಇನ್ನೊಂದು ಹೆಣ್ಣನ್ನ ಮದುವೆ ಮಾಡ್ಕೊಂಡು ಮನೆಗೆ ತರಬಹುದು, ಅವಳಿಗೆ ಹುಟ್ಟಿದ ಮಕ್ಕಳು ಈ ಮನೆಯ ಹೆಸರೇ ಹೊರ್ತಾರೆ, ನಮ್ಮಮ್ಮನಿಗೂ ಒಬ್ಬಳು ಹೆಂಡತಿ ಇದ್ದಾಳೆ ಅಂತ. ಆಸಾಮಿ ಕುರ್ಚಿಯಿಂದ ಬೀಳೋದೊಂದು ಬಾಕಿ!

ಇರಲಿ, ವಿಷಯಕ್ಕೆ ಬರ್ತೀನಿ. ನಾಳೆ ಆಸ್ತಿ ವಿಷಯಕ್ಕೆ ಊರಿನ ಸರ್ಕಾರಿ ಅಧಿಕಾರಿ, ಚೀಫ್ ಹತ್ರ ಹೋಗಬೇಕು. ಸತ್ತವಳ ಹಿಂದೆ ಯಾರ್ಯಾರು ಉಳಿದಿದ್ದಾರೆ ಅಂತ ಕೇಳ್ತಾರೆ. ತೋಪಿಗೆ ಗಿರಾಕಿ ಬಂದಿದ್ದಾನೆ, ಹಣ್ಣಿನ ರಸದ ಕಾರ್ಖಾನೆಯವನು. ನೀನು ಇಷ್ಟು ಹೇಳಿದ್ರೆ ಸಾಕು: 'ನಾನು ಸ್ಯೋಮಿಟಿ ಮನೇಲಿ ಕೆಲಸಕ್ಕಿದ್ದೆ.'

ಹಾಗೆ ನೋಡಬೇಡ ಮಹರಾಯ್ತಿ! ನಿನಗೇ ಲಾಭ. ಕೆಲಸದವಳು ಅಂದ್ರೆ ಬಾಕಿ ಸಂಬಳ, ರಜೆಯ ದುಡ್ಡು, ಕೆಲಸ ಬಿಡಿಸಿದ್ದಕ್ಕೆ ಪರಿಹಾರ... ಎಲ್ಲಾ ನಾನೇ ಕೊಡಿಸ್ತೀನಿ, ಒಂದು ಶಿಲ್ಲಿಂಗ್ ಕಡಿಮೆಯಾಗಲ್ಲ. ಹೆಂಡತಿ ಅನ್ನಿಸಿಕೊಂಡು ಏನು ಸುಖ? ಹೆಂಡತಿಗೆ ಯಾರಾದ್ರೂ ರಜೆ ಕೊಟ್ಟಿದ್ದುಂಟಾ! ...ನಗಲ್ವಾ? ನೈರೋಬಿಯಲ್ಲಿ ಈ ಮಾತಿಗೆ ನಗ್ತಾರೆ.

ನಿನ್ನ ಮಗ ಮುಸೆಂಬಿಗೂ ದಾರಿ ಮಾಡೋಣ. ನಮ್ಮಪ್ಪನ ಹೆಸರಿನವನು, ನಾನು ಬಿಟ್ಟುಬಿಡ್ತೀನಾ? ಕಾರ್ಖಾನೆಯವನಿಗೆ ಹೇಳಿ ತೋಪಿನಲ್ಲೇ ಕೆಲಸ ಕೊಡಿಸ್ತೀನಿ. ಅವನ ಗಿಡ, ಅವನಿಗೇ ತಾನೆ ಚೆನ್ನಾಗಿ ಗೊತ್ತಿರೋದು... ಅವನ ಗಿಡ ಅಂದ್ನಾ? ಅಮ್ಮನ ಗಿಡ. ಬಾಯಿ ತಪ್ಪಿತು.

ಈಗ ಯಾವ ಕಡೆ? ಕಲುಂಡೆ? ದಾರಿ ಕವಲಾಯ್ತಲ್ಲ, ಕೈ ತೋರಿಸು. ಯಾಕೆ ಹಾಗೆ ಕೈ ಮಡಿಲಲ್ಲಿಟ್ಕೊಂಡು ಕೂತೆ? ಬೈಯೋದಾದ್ರೆ ಬೈದುಬಿಡು! ಅಮ್ಮನೂ ಹೀಗೇ ಮಾಡ್ತಿದ್ಲು... ಎದುರಿನವರು ತಾವಾಗಿ ಕಕ್ಕೋ ತನಕ ತುಟಿ ಬಿಚ್ಚುತ್ತಿರಲಿಲ್ಲ. ಅವಳ ಹತ್ರ ಕಲಿತ್ಯಾ? ನಾನು ಕಲೀಲಿಲ್ಲ. ಕಲಿಯೋಕೆ ಮನೇಲಿದ್ರೆ ತಾನೆ.

ಇಂಜಿನ್ ಆಫ್ ಮಾಡ್ತೀನಿ, ಇರು. ಏನು ಸೆಖೆ...

ಹೋಗಲಿ. ಕೇಳು. ಹೋದ ತಿಂಗಳು ನೈರೋಬಿಯಲ್ಲಿ ಕೋಣೆ ತುಂಬ ಜನರಿಗೆ ಹೇಳಿದ ಮಾತು ಇದು. ನಿನಗೊಬ್ಬಳಿಗೆ ಮಾತ್ರ ಹೇಳಬಾರದು, ಹೇಳಬಾರದು ಅಂದ್ಕೊಂಡೇ ಇಲ್ಲೀತನಕ ಬಂದೆ. ಹೆಂಗಸೊಬ್ಬಳು ನಮ್ಮ ಪದ್ಧತಿ ಪ್ರಕಾರ ಇನ್ನೊಬ್ಬಳನ್ನ ಮದುವೆಯಾಗಿ ತಂದಿದ್ರೆ ಅವಳು ಹೆಂಡತಿಯೇ ಅಂತ ನ್ಯಾಯಾಲಯ ಒಪ್ಪಿದೆ. ಅವಳಿಗೂ ಪಾಲು, ಅವಳ ಮಕ್ಕಳಿಗೂ ಪಾಲು. ನೀನು ಬೇಡ ಅಂದ್ರೆ ಆ ತೋಪನ್ನ ನಾನು ಮಾರೋಕಾಗಲ್ಲ. ಕೆಲಸದವಳು ಅಂತ ನಿನ್ನ ಬಾಯಿಂದಲೇ ಬಂದುಬಿಟ್ರೆ ಸಲೀಸು... ಅದಕ್ಕೇ.

ಇನ್ನೂ ಇದೆ, ಬಾಗಿಲು ತೆಗೀಬೇಡ. ಮದುವೆಗೆ ಗುರುತು ಏನು ಅಂತ ಕೇಳ್ತಾರೆ. ಹೆಣ್ಣಿನ ಅಪ್ಪನ ಮನೆಗೆ ತೆರ ಅಂತ ಮೇಕೆ ಹೋಗಿದ್ವಾ, ಕಣ್ಣಾರೆ ಕಂಡವರು ಯಾರು ಅಂತ. ಹೋಗಿದ್ದ ಹಿರಿಯರೊಬ್ಬರೂ ಈಗಿಲ್ಲ, ನಿಮ್ಮಪ್ಪನೂ ಇಲ್ಲ. ನಾನು ಸುಮ್ಮನಿದ್ರೆ ನಿನ್ನ ಕಡೆ ಮಾತಾಡೋರು ಯಾರೂ ಇಲ್ಲ... ಅದನ್ನೂ ಲೆಕ್ಕ ಹಾಕಿಕೊಂಡೇ ಬಂದಿದ್ದೆ.

ಅಮ್ಮನ್ನ ಇಷ್ಟು ವರ್ಷ ನೀನು ನೋಡ್ಕೊಂಡದ್ದಕ್ಕೆ ನಾನು ಕೊಡಬೇಕಾದ್ದು ದುಡ್ಡಲ್ಲ ಕಣೇ, ಈ ಸಾಕ್ಷಿ. ನಾಳೆ ಚೀಫ್ ಮುಂದೆ ಎದ್ದು ನಿಂತು ಹೇಳ್ತೀನಿ. ಹಿರಿಯರು ಮಾತಾಡ್ತಾ ಮುಂದೆ ಹೋದ್ರು, ಹಿಂದೆ ಮೇಕೆ ಹೊಡ್ಕೊಂಡು ಹೋದವಳು ನಾನು. ಹೊಳೆ ಮರಳಲ್ಲಿ ಕಪ್ಪು ಮೇಕೆ ತಪ್ಪಿಸ್ಕೊಂಡು ಓಡ್ತು, ಚಪ್ಪಲಿ ಬಿಸಾಕಿ ಓಡಿಹೋಗಿ ಹಿಡಿದೆ. ನಿಮ್ಮಪ್ಪ ಅದರ ಹಗ್ಗ ತಗೊಂಡದ್ದು ನನ್ನ ಕೈಯಿಂದ.