ಹಾರ ಹಾಕಿಸಿಕೊಂಡ ಡಬ್ಬ

ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಾದ ಕೋದಂಡರಾಮಪ್ಪನವರೇ, ಮುಳಬಾಗಿಲಿನಿಂದ ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ನಮ್ಮ ಶಾಲೆಗೆ ಕಂಪ್ಯೂಟರ್ ದಾನ ಮಾಡಿದ ನಿವೃತ್ತ ಶಿಕ್ಷಕಿ ಭಾರತಮ್ಮನವರೇ, ಶಾಮಿಯಾನದ ಕೆಳಗೆ ಬೆಳಗಿನಿಂದ ಕಾದು ಕುಳಿತ ಸಭಿಕರೇ,

ಸಹಶಿಕ್ಷಕಿ ನಾಹಿದ್ ಎಂಬ ನನಗೆ ವಂದನಾರ್ಪಣೆ ವಹಿಸಿದ್ದೀರಿ. ವಂದನಾರ್ಪಣೆ ಎಂದರೆ ಎಲ್ಲರೂ ಚಪ್ಪಲಿ ಹುಡುಕುವ ಹೊತ್ತು. ದಯವಿಟ್ಟು ಕುಳಿತುಕೊಳ್ಳಿ, ಇವತ್ತು ನಾನು ಬೇಗ ಮುಗಿಸುವುದಿಲ್ಲ.

ಭಾರತಮ್ಮನವರು ಕೊಟ್ಟದ್ದು ಅಂಗೈಯಗಲದ ಕಂಪ್ಯೂಟರ್. ಬರೀ ಒಂದು ಬೋರ್ಡು. ಅದಕ್ಕೆ ಟಿವಿ, ಮೌಸು ಜೋಡಿಸಬೇಕು, ಉಗುರಿನಷ್ಟು ಕಾರ್ಡಿಗೆ ಮಕ್ಕಳ ಕಲಿಕೆಯ ಆಟಗಳನ್ನು ತುಂಬಿಸಬೇಕು. ಮನೆಯಲ್ಲಿ ಕುಳಿತು ನಾನೇ ತುಂಬಿಸಿದೆ. ಅರ್ಧದಲ್ಲಿ ಕರೆಂಟು ಹೋಯಿತು, ಕಾರ್ಡು ಕೆಟ್ಟಿತು, ಮತ್ತೆ ಮೊದಲಿನಿಂದ ಶುರು. ಆಟಗಳನ್ನು ಇಳಿಸಿಕೊಳ್ಳಲು ಸಿಗ್ನಲ್ ಸಿಗಲೆಂದು ಫೋನನ್ನು ನೀರಿನ ಟ್ಯಾಂಕಿನ ಮೇಲೆ ಕೂರಿಸಿದೆ. ಇಷ್ಟೆಲ್ಲ ಯಾಕೆ? ಮಕ್ಕಳು ಓದಲಿ, ಎಣಿಸಲಿ, ಬಣ್ಣ ಹಚ್ಚಲಿ ಎಂದು.

ಅಧ್ಯಕ್ಷರು ಏನೆಂದರು? "ಮಕ್ಕಳ ಕೈಗೆ ಕೊಟ್ರೆ ಉಳೀತೈತಾ ಮೇಡಮ್ಮೋರೇ? ಉದ್ಘಾಟನೆ ಆಗೋಗಂಟ ನಮ್ಮನೆ ಬೀರುನಾಗೇ ಇರ್ಲಿ. ಆಮೇಲೂ ಅಲ್ಲೇ ಇರ್ಲಿ, ಯಾರಾನ ಸಾಹೇಬ್ರು ಬಂದಾಗ ತೋರ್ಸಾಣ."

ಸ್ವಾಮಿ, ತೋರಿಸುವುದಕ್ಕೆ ಅದೇನು ಬೆಳ್ಳಿ ತಟ್ಟೆಯೇ? ಜೂನ್‌ನಲ್ಲಿ ಬಂದ ಕಂಪ್ಯೂಟರಿಗೆ ಅತಿಥಿಗಳ ದಿನಾಂಕ ಸಿಕ್ಕಿದ್ದು ಜನವರಿಯಲ್ಲಿ! ಅಲ್ಲಿಯವರೆಗೆ ಮಗು ಕಲಿಯದೆ ಕಾಯಬೇಕೇ?

ನನಗೇಕೆ ಇಷ್ಟು ಸಿಟ್ಟು ಎಂದು ಹೇಳಿಬಿಡುತ್ತೇನೆ. ನಾನು ಓದಿದ ಶಾಲೆಗೂ ಒಂದು ಟಿವಿ ಬಂದಿತ್ತು. ಹೆಡ್‌ಮಾಸ್ಟರ ಕೋಣೆ ಬಿಟ್ಟು ಅದು ಹೊರಗೆ ಬರಲಿಲ್ಲ. ಅದಕ್ಕೆ ಹೊದಿಸುವ ಬಟ್ಟೆಗೆ ಗಿಳಿಯ ಕಸೂತಿ ಹಾಕಿದವಳು ನಾನು. ದಾರ ಕೊಡುತ್ತಾ ನಮ್ಮಮ್ಮ ಶರೀಫುನ್ನೀಸಾ, "ಹಾತ್ ನಕ್ಕೋ ಲಗಾ ಬೇಟಿ" ಎಂದಿದ್ದರು. ಕೈ ಹಚ್ಚಬೇಡ ಎಂದರಲ್ಲ, ನಾನು ಟಿವಿಯನ್ನು ಮುಟ್ಟಲಿಲ್ಲ. ಏಳನೇ ತರಗತಿ ಮುಗಿಸಿ ಹೊರಗೆ ಬಂದೆ. ಅದರಲ್ಲಿ ಏನು ಬರುತ್ತಿತ್ತೋ ಇವತ್ತಿಗೂ ಗೊತ್ತಿಲ್ಲ. ಗಿಳಿಯ ಕೊಕ್ಕು ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಇರಲಿ, ಈಗ ವಂದನೆ. ಬಣ್ಣದ ಕಾಗದ ಸುತ್ತಿದ ಡಬ್ಬಕ್ಕೆ ಕುಂಕುಮವಿಟ್ಟು, ಹಾರ ಹಾಕಿ, ಕರ್ಪೂರ ಬೆಳಗಿದ ಅತಿಥಿಗಳಿಗೆ ವಂದನೆಗಳು. ಅದನ್ನು ಜೂನ್‌ನಿಂದ ತಮ್ಮ ಬೀರುವಿನಲ್ಲಿಟ್ಟು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದ ಅಧ್ಯಕ್ಷರಿಗೆ ವಂದನೆಗಳು. ಅಧ್ಯಕ್ಷರೇ, ಒಮ್ಮೆ ಅಲ್ಲಾಡಿಸಿ ನೋಡಬಾರದಿತ್ತೇ? ನಾನು ತಮ್ಮ ಕೈಗೆ ಕೊಟ್ಟದ್ದು ಖಾಲಿ ಡಬ್ಬ!

ಗಲಾಟೆ ಬೇಡ, ಕುಳಿತುಕೊಳ್ಳಿ. ಕಂಪ್ಯೂಟರ್ ಜೂನ್‌ನಿಂದಲೂ ಮೂರನೇ ತರಗತಿಯ ಟಿವಿಯ ಹಿಂದೆ ಅಂಟಿಕೊಂಡಿದೆ. ತಾವು ಒಂದು ದಿನವಾದರೂ ತರಗತಿಯೊಳಗೆ ಕಾಲಿಟ್ಟಿದ್ದರೆ ಕಾಣುತ್ತಿತ್ತು. ಮನೆಯಲ್ಲಿ ಬರೀ ತೆಲುಗು ಆಡುವ, ನಮ್ಮ ಮುಂದೆ ಬಾಯಿಯನ್ನೇ ಬಿಡದಿದ್ದ ಮಾನಸ, ಈಗ ಅಕ್ಷರದಾಟದಲ್ಲಿ ಪಕ್ಕದವನ ಕೈ ತಳ್ಳಿ, "ಸುಮ್ನಿರೋ ಅರ್ಬಾಜ್, ನಾನೇ ಓದ್ತೀನಿ ಕಣೋ" ಅನ್ನುತ್ತಾಳೆ. ಮೌಸಿನ ಗುಂಡಿ ಸವೆದಿದೆ. ಸವೆಯಲಿ! ಸವೆಯಲೆಂದೇ ತಾನೇ ಕೊಟ್ಟದ್ದು?

ಭಾರತಮ್ಮನವರು ನಗುತ್ತಿದ್ದಾರೆ. ಅವರಿಗೆ ವಿಶೇಷ ವಂದನೆಗಳು. ನನ್ನ ಮೇಲೆ ದೂರು ಕೊಡುವವರು ಕೊಡಲಿ, ಅವರಿಗೂ ಮುಂಗಡ ವಂದನೆಗಳು. ಚಪ್ಪಾಳೆ ತಟ್ಟಲು ಮಕ್ಕಳೇ ಬಂದಿಲ್ಲವಲ್ಲ ಎಂದು ಅಧ್ಯಕ್ಷರು ಆಗಲೇ ಕೇಳಿದರು. ಒಳಗಿನ ಸದ್ದು ಕೇಳಿಸುತ್ತಿದೆಯೇ? ಅವರಿಗೆ ಬಿಡುವಿಲ್ಲ. ನನಗೂ ಅಪ್ಪಣೆ ಕೊಡಿ. ಬಣ್ಣ ಹಚ್ಚುವ ಆಟಕ್ಕೆ ಅಲ್ಲಿ ಸಾಲು ನಿಂತಿದೆ, ಮಾನಸಳ ನಂತರದ ಸರದಿ ನನ್ನದು.

ಎಲ್ಲರಿಗೂ ನಮಸ್ಕಾರ.