ಮಸಿ ಕಟ್ಟಿದ ಬಾಟಲಿಗೆ ಕಪ್ಪು ದಾರ

ಇದನ್ನು ಓದುವ ಸಾಹೇಬರು ಮೊದಲು ಚಹಾದ ಗ್ಲಾಸನ್ನು ಕಾಗದದ ಮೇಲಿಂದ ಎತ್ತತಕ್ಕದ್ದು. ನಿನ್ನೆ ಕೊಟ್ಟ ಹೇಳಿಕೆ ನಿಮ್ಮ ಗ್ಲಾಸಿನಡಿಯಲ್ಲೇ ಕರಗಿಹೋದ ಕಾರಣ ಇದು ಎರಡನೇ ಸಲ.

ಹೆಸರು ರತ್ನಾವತಿ, ದಿವಂಗತ ಕಿಟ್ಟಣ್ಣನವರ ಹೆಂಡತಿ, ವಯಸ್ಸು 70, ಓದು ಮೂರನೇ ಕ್ಲಾಸು, ಉದ್ಯೋಗ ಅಡುಗೆ ಮತ್ತು ಮನೆ ಕಾಯುವುದು, ವಾಸ ರೂಮ್ ನಂ. 14, ಶುಭದಾ ಸೊಸೈಟಿ, ಡೊಂಬಿವಲಿ ಪೂರ್ವ. ಈ ಮೂಲಕ ತಿಳಿಸುವುದೇನೆಂದರೆ:

ಮೊಮ್ಮಗಳು ತನ್ವಿ ಕಲ್ಯಾಣದ ಒಂದು ಕಾಲೇಜಿನ ಲ್ಯಾಬಿನಲ್ಲಿ ಟೆಂಪರರಿ ಕೆಲಸದಲ್ಲಿದ್ದಾಳೆ. ದಿನಾಂಕ 15-2-2013ರಂದು ಸಂಜೆ 5.40ಕ್ಕೆ, ಮಕ್ಕಳ ಪ್ರಾಕ್ಟಿಕಲ್ ಪರೀಕ್ಷೆಗೆಂದು ಶಹಾಡಿನ ಅಂಗಡಿಯಿಂದ ತಂದ ಎರಡು ಬಾಟಲಿಗಳನ್ನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಮೋರಿಯ ಪಕ್ಕ ಇಟ್ಟು ಸ್ನಾನಕ್ಕೆ ಹೋದಳು. ಹೊರಗಿನಿಂದ ಬಂದ ಬಾಟಲಿಯನ್ನು ತೊಳೆಯದೆ ಒಳಗಿಡುವ ಪದ್ಧತಿ ನಮ್ಮಲ್ಲಿಲ್ಲ. ಹುಣಸೆಹುಳಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದೆ. ಮೇಲೆ ಅಂಟಿಸಿದ್ದ ಹೆಸರಿನ ಚೀಟಿ ಎರಡೂ ಎದ್ದುಹೋದವು.

5.55ಕ್ಕೆ ತನ್ವಿ "ಅಜ್ಜಿ, ಯೇ ಕ್ಯಾ ಕಿಯಾ!" ಎಂದು ನೆಲದ ಮೇಲೆ ಕುಳಿತಳು. ಒಂದರಲ್ಲಿರುವುದು ಬೆಂಜೈಲ್ ಆಲ್ಕೋಹಾಲ್, ಅದು ಆರೋಮ್ಯಾಟಿಕ್. ಇನ್ನೊಂದು ಈಥೈಲ್, ಅದು ಆಲಿಫ್ಯಾಟಿಕ್. ನೋಡಲು ಎರಡೂ ನೀರಿನ ಹಾಗೇ. ಅದಲುಬದಲಾದರೆ ನಲವತ್ತು ಮಕ್ಕಳ ಉತ್ತರ ತಪ್ಪುತ್ತದೆ, ಖಾಯಂ ಆಗಬೇಕಾದ ತನ್ನ ಕೆಲಸವೂ ಹೋಗುತ್ತದೆ ಎಂದು ಅತ್ತಳು. ಗುರುತು ಹಿಡಿಯುವುದು ಹೇಗೆಂದು ಕೇಳಿದ್ದಕ್ಕೆ, ಉರಿಸಿದರೆ ಆರೋಮ್ಯಾಟಿಕ್ ಮಸಿ ಕಾರುತ್ತದೆ, ಇನ್ನೊಂದು ನೀಲಿಯಾಗಿ ಶುಭ್ರವಾಗಿ ಉರಿಯುತ್ತದೆ ಎಂದಳು. "ಮಸಿ ಹಿಡೀಲಿಕ್ಕೆ ಲ್ಯಾಬು ಬೇಕಾ ಮಾರಾಯ್ತಿ? ತೊಟ್ಟಿಲಲ್ಲಿ ನಿನ್ನ ಕಣ್ಣಿಗೆ ಹಚ್ಚಿದ ಕಾಡಿಗೆ ಯಾವ ಕಾಲೇಜಿನದ್ದು?" ಎಂದು ನಾನು ಕೇಳಿದ್ದು ನಿಜ.

6.15ಕ್ಕೆ ಗ್ಯಾಲರಿಯಲ್ಲಿ ಎರಡು ಹಣತೆಗೆ ಒಂದೊಂದರ ನಾಲ್ಕು ಹನಿ ಬಿಟ್ಟು, ಬತ್ತಿ ಹಚ್ಚಿ, ಒಂದು ಗೇಣು ಮೇಲೆ ಒಂದೊಂದು ಹಿತ್ತಾಳೆ ತಟ್ಟೆ ಹಿಡಿದೆವು. ಎಡಗಡೆಯದು ಕಾಡಿಗೆಯಂಥ ಮಸಿ ಕಟ್ಟಿತು. ಬಲಗಡೆಯ ತಟ್ಟೆಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ತನ್ವಿ ನಕ್ಕಳು. ಮಸಿಯ ಬಾಟಲಿಗೆ ಕಪ್ಪು ದಾರ, ಇನ್ನೊಂದಕ್ಕೆ ಬಿಳಿ ದಾರ ಕಟ್ಟಿದೆ.

6.25ಕ್ಕೆ ಮೂರು ಅಡಿ ಆಚೆ, ಪಕ್ಕದ ಮನೆಯ ಮುಕ್ತಾಬಾಯಿ ಒಣಗಿಸಿದ್ದ ಬಿಳಿ ಚಾದರಕ್ಕೆ ಮಸಿ ಹಾರಿತು. ಒಗೆದುಕೊಡುತ್ತೇನೆಂದರೂ ಕೇಳದೆ ಆಕೆ "ಆಗ್ ಲಾಗ್ಲಿ!" ಎಂದು, ಅಂದರೆ ಬೆಂಕಿ ಬಿತ್ತೆಂದು, ಮರಾಠಿಯಲ್ಲಿ ಕೂಗಿ ಠಾಣೆಗೆ ಫೋನ್ ಮಾಡಿದಳು. 6.50ಕ್ಕೆ ಬಂದ ಪೇದೆ ಹಣಮಂತ್ರಾಯ ಬಾಟಲಿಗಳನ್ನು ಜಪ್ತಿ ಮಾಡಿ, ಸೀಲು ಕೂರುವುದಿಲ್ಲವೆಂದು ದಾರ ಎರಡನ್ನೂ ಕತ್ತರಿಸಿದರು. ಬೇಡವೆಂದು ಕೈ ಹಿಡಿದರೆ "ಸುಮ್ನಿರ್ರಿ ಅಜ್ಜಿ, ದಾರದಾಗ ಏನೈತಿ?" ಎಂದರು. ಠಾಣೆಯಲ್ಲಿ ಕನ್ನಡ ಬರುವವರು ಅವರೊಬ್ಬರೇ ಆದ್ದರಿಂದ ಇದನ್ನು ಬರೆದುಕೊಂಡವರೂ, ಸಾಹೇಬರಿಗೆ ಮರಾಠಿ ಮಾಡಿಕೊಡಬೇಕಾದವರೂ ಅವರೇ. ಈ ಸಾಲು ಬಿಟ್ಟುಹೋಗದಂತೆ ನಾನು ಪಕ್ಕದಲ್ಲೇ ಕುಳಿತಿದ್ದೇನೆ.

ಆದ ಕಾರಣ ದಾರ ಕತ್ತರಿಸಿದವರೇ ಬತ್ತಿ ಹಚ್ಚಿ, ಮಸಿಯದು ಯಾವುದೆಂದು ನೋಡಿ, ದಾರ ಕಟ್ಟಿ ಬಾಟಲಿಗಳನ್ನು ತನ್ವಿಯ ಕೈಗೆ ಕೊಡಬೇಕು.

ಮೇಲಿನದೆಲ್ಲ ನನ್ನ ಕಣ್ಣೆದುರು ಆದದ್ದು. ಓದಿಸಿ ಕೇಳಿದೆ, ಸರಿ ಇದೆ.

ಸ್ಥಳ: ಡೊಂಬಿವಲಿ
ದಿನಾಂಕ: 17-2-2013
ಸಹಿ: ರತ್ನಾವತಿ

ಸಹಿಯ ಕೆಳಗೆ ಎರಡು ಹತ್ತಿಬತ್ತಿ ಪಿನ್ನು ಮಾಡಿದ್ದೇನೆ. ಪರೀಕ್ಷೆ ಮಾರ್ಚ್ ಒಂದಕ್ಕೆ. ಆ ತಿಂಗಳು ಹುಟ್ಟುವ ಮೊದಲು ಜವಾಬು ಕಳಿಸಿ.